ಕಾಫಿಪುಡಿ ತೇಲಿತು, ಚಿಕೋರಿ ಮುಳುಗಿತು

ಚೆನ್ನೈಯ ‘ಡಿಗ್ರಿ ಕಾಫಿ’ಗೆ ಆ ಹೆಸರು ಬಂದ ಬಗ್ಗೆ ಎರಡು ಕತೆಗಳಿವೆ. ಲ್ಯಾಕ್ಟೋಮೀಟರಿನಲ್ಲಿ ಡಿಗ್ರಿ ನೋಡಿ, ನೀರು ಬೆರೆಸಿಲ್ಲವೆಂದು ಖಾತ್ರಿಯಾದ ಹಾಲಿನಿಂದ ಮಾಡಿದ್ದೇ ಡಿಗ್ರಿ ಕಾಫಿ ಎನ್ನುವುದು ಒಂದು. ‘ಚಿಕೋರಿ’ ಎಂಬುದೇ ಜನರ ಬಾಯಲ್ಲಿ ಹೊರಳಿ ಹೊರಳಿ ‘ಡಿಗ್ರಿ’ ಆಯಿತು ಎನ್ನುವುದು ಇನ್ನೊಂದು. ಯಾವುದನ್ನು ನಂಬಿದರೂ ಪ್ರಶ್ನೆ ಒಂದೇ: ಲೋಟದಲ್ಲಿ ಏನೇನು ಬೆರೆತಿದೆ?

ಇಂಥ ಪ್ರಶ್ನೆಗೆ ಅಧಿಕೃತ ಉತ್ತರ ಕೊಡುವ ಜಾಗ ಅದೇ ಊರಿನ ಗಿಂಡಿಯಲ್ಲಿದೆ. 1899ರಲ್ಲಿ ಸಿಡುಬಿನ ಲಸಿಕೆಯ ಕೆಲಸಕ್ಕೆಂದು ಶುರುವಾದ ಕಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ ಈಗ ಆಹಾರ ಮತ್ತು ನೀರಿನ ಮಾದರಿಗಳನ್ನೂ ಪರೀಕ್ಷಿಸುತ್ತಾರೆ. ಅಲ್ಲಿನ ಉಪಕರಣಗಳು ದೊಡ್ಡವಾದರೂ ಕೆಲಸದ ಬುಡದಲ್ಲಿರುವುದು ಒಂಬತ್ತನೇ ತರಗತಿಯ ವಿಜ್ಞಾನ ಪಾಠವೇ. ಬೆರೆತ ವಸ್ತುಗಳು ಯಾವ ಗುಣದಲ್ಲಿ ಬೇರೆಬೇರೆ ಎಂದು ಹುಡುಕಿ, ಆ ಗುಣವನ್ನೇ ಹಿಡಿದು ಬಿಡಿಸಬೇಕು. ಬಿಡಿಸಿದ ಮೇಲೆ, ಕೈಗೆ ಬಂದದ್ದು ನಿಜಕ್ಕೂ ಶುದ್ಧವೇ ಎಂದು ಇನ್ನೊಮ್ಮೆ ನೋಡಬೇಕು. ಶಾಲೆಗಳಲ್ಲಿ ಮೊದಲನೆಯದು ಮುಗಿಯುವಷ್ಟರಲ್ಲಿ ಗಂಟೆ ಹೊಡೆದುಬಿಡುತ್ತದೆ. ಎರಡಕ್ಕೂ ಜಾಗ ಕೊಡುವ ಪ್ರಯೋಗಗಳು ಇಲ್ಲಿವೆ.

1. ಒಂದು ಲೋಟ ತಣ್ಣೀರು

ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ, ಮೇಲೆ ಅರ್ಧ ಚಮಚ ಕಾಫಿಪುಡಿ ಉದುರಿಸಿ. ಕಲಕಬೇಡಿ. ಎಣ್ಣೆಯಂಶವಿರುವ ಕಾಫಿಪುಡಿ ಸ್ವಲ್ಪ ಹೊತ್ತು ತೇಲುತ್ತದೆ. ಚಿಕೋರಿ ಬೇಗ ನೀರು ಕುಡಿದು, ಕಂದು ಬಣ್ಣದ ಎಳೆಗಳನ್ನು ಬಿಡುತ್ತಾ ತಳಕ್ಕಿಳಿಯುತ್ತದೆ.

ಎಳೆ ಕಂಡ ಕೂಡಲೇ ಅಂಗಡಿಯವನ ಮೇಲೆ ಹರಿಹಾಯಬೇಕಿಲ್ಲ. ಕಾಫಿ–ಚಿಕೋರಿ ಮಿಶ್ರಣವನ್ನು ಮಾರಲು ಕಾನೂನಿನ ಅಡ್ಡಿಯಿಲ್ಲ. ಅದರಲ್ಲಿ ಕನಿಷ್ಠ ಶೇ 51ರಷ್ಟು ಕಾಫಿ ಇರಬೇಕು, ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಿರಬೇಕು. ‘ಶುದ್ಧ ಕಾಫಿ’ ಎಂದು ಬರೆದ ಪುಡಿ ಎಳೆ ಬಿಟ್ಟರೆ ಮಾತ್ರ ಅನುಮಾನಕ್ಕೆ ಕಾರಣವಿದೆ.

2. ಉಪ್ಪು, ಮರಳು, ಕರ್ಪೂರ

ಇದನ್ನು ಶಾಲೆಯ ಪ್ರಯೋಗಾಲಯದಲ್ಲಿ, ಶಿಕ್ಷಕರ ಎದುರಿನಲ್ಲೇ ಮಾಡಬೇಕು. ತೊಳೆದು ಒಣಗಿಸಿದ ಮರಳು 5 ಗ್ರಾಂ, ಉಪ್ಪು 5 ಗ್ರಾಂ, ಕರ್ಪೂರದ ಪುಡಿ 2 ಗ್ರಾಂ ತೂಗಿ ಬೆರೆಸಿ.

ಮಿಶ್ರಣವನ್ನು ಪಿಂಗಾಣಿ ಬಟ್ಟಲಿಗೆ ಹಾಕಿ, ಮೇಲೆ ಆಲಿಕೆಯನ್ನು ಬೋರಲು ಹಾಕಿ, ಅದರ ಕೊಳವೆಯ ಬಾಯಿಗೆ ಹತ್ತಿ ತುರುಕಿ. ಕರ್ಪೂರ ಬೇಗ ಹೊತ್ತಿಕೊಳ್ಳುವುದರಿಂದ ನೇರ ಉರಿ ಬೇಡ. ನೀರು ಕುದಿಸಿ ಉರಿ ಆರಿಸಿದ ಮೇಲೆ, ಆ ಬೀಕರಿನ ಮೇಲೆ ಬಟ್ಟಲನ್ನಿಡಿ. ಕರ್ಪೂರ ದ್ರವವಾಗದೆಯೇ ಆವಿಯಾಗಿ, ಆಲಿಕೆಯ ತಣ್ಣನೆಯ ಒಳಮೈಗೆ ಬಿಳಿಯಾಗಿ ಅಂಟಿಕೊಳ್ಳುತ್ತದೆ. ಇದೇ ಉತ್ಪತನ. ಬಟ್ಟಲಿನಲ್ಲಿ ಕರ್ಪೂರದ ವಾಸನೆ ಹೋಗುವ ತನಕ, ನೀರನ್ನು ಮತ್ತೆ ಮತ್ತೆ ಬಿಸಿ ಮಾಡಿಕೊಂಡು ಇದನ್ನೇ ಮಾಡಿ.

ಉಳಿದದ್ದಕ್ಕೆ 25 ಮಿಲಿಲೀಟರ್ ಬಟ್ಟಿ ಇಳಿಸಿದ ನೀರು ಹಾಕಿ ಕಲಕಿ. 100 ಮಿಲಿಲೀಟರ್ ನೀರು ಸುಮಾರು 36 ಗ್ರಾಂ ಉಪ್ಪನ್ನು ಕರಗಿಸಿಕೊಳ್ಳುತ್ತದೆ, ಹಾಗಾಗಿ 5 ಗ್ರಾಂಗೆ ಇಷ್ಟು ನೀರು ಧಾರಾಳ. ಸೋಸುಕಾಗದದಲ್ಲಿ ಸೋಸಿ, ಮರಳನ್ನು ಇನ್ನಷ್ಟು ನೀರಿನಿಂದ ಎರಡು ಸಲ ತೊಳೆಯಿರಿ. ಸೋಸಿದ ನೀರನ್ನು ಇಂಗಿಸಿದರೆ ಉಪ್ಪು ಸಿಗುತ್ತದೆ.

ಈಗ ತಕ್ಕಡಿಗೆ ಬನ್ನಿ. ಉಪ್ಪು 5.4 ಗ್ರಾಂ ತೂಗಿದರೆ ಅದಿನ್ನೂ ಒದ್ದೆಯಿದೆ, ಇಲ್ಲವೇ ಮರಳು ನುಸುಳಿದೆ. 4.6 ತೂಗಿದರೆ ಒಂದಿಷ್ಟು ಉಪ್ಪು ಮರಳಿನಲ್ಲೋ ಕಾಗದದಲ್ಲೋ ಉಳಿದಿರಬಹುದು. ಮರಳಿನ ಮೇಲೆ ಮತ್ತೊಮ್ಮೆ ಬಟ್ಟಿ ಇಳಿಸಿದ ನೀರು ಹಾಯಿಸಿ, ಇಳಿದ ನೀರಿಗೆ ಎರಡು ಹನಿ ಸಿಲ್ವರ್ ನೈಟ್ರೇಟ್ ದ್ರಾವಣ ಬಿಡಿ. ಬಿಳಿ ಮೊಸರಿನಂಥ ಗಸಿ ಬಂದರೆ ಉಪ್ಪು ಇನ್ನೂ ಇದೆ ಎಂದರ್ಥ.

ಇಲ್ಲಿ ನಲ್ಲಿ ನೀರು ಬಳಸಿದವರು ಮೋಸ ಹೋಗುತ್ತಾರೆ. ಕೊಳಾಯಿ, ಬೋರ್‌ವೆಲ್ ನೀರಿನಲ್ಲೇ ಕ್ಲೋರೈಡ್ ಇರುವುದರಿಂದ ಉಪ್ಪು ಪೂರ್ತಿ ಹೋಗಿದ್ದರೂ ಗಸಿ ಕಾಣುತ್ತದೆ. ಅದಕ್ಕೇ ಬಳಸುವ ನೀರಿಗೂ ಬೇರೆಯಾಗಿ ಎರಡು ಹನಿ ಬಿಟ್ಟು ನೋಡಿಕೊಳ್ಳಬೇಕು. ಸಿಲ್ವರ್ ನೈಟ್ರೇಟ್ ತಗುಲಿದರೆ ಚರ್ಮ ಕಪ್ಪಾಗುತ್ತದೆ, ಕೈಗವಸು ಹಾಕಿಕೊಳ್ಳಿ.

3. ಕಪ್ಪು ಶಾಯಿಯ ಗುಟ್ಟು

ಸೋಸುಕಾಗದದ ಉದ್ದನೆಯ ಪಟ್ಟಿಯಲ್ಲಿ, ತುದಿಯಿಂದ 2 ಸೆಂಟಿಮೀಟರ್ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಪೆನ್ನಿನ ಗೆರೆಯಾದರೆ ಅದೂ ನೀರಿನ ಜೊತೆ ಓಡಿಬಿಡುತ್ತದೆ. ಗೆರೆಯ ಮೇಲೆ ಕಪ್ಪು ಸ್ಕೆಚ್ ಪೆನ್ನಿನಿಂದ ಚುಕ್ಕಿ ಇಟ್ಟು, ಚುಕ್ಕಿ ಮುಳುಗದಂತೆ ಪಟ್ಟಿಯ ತುದಿಯನ್ನಷ್ಟೇ ನೀರಿಗೆ ಇಳಿಬಿಡಿ. ನೀರು ಏರಿದಂತೆ ಕಪ್ಪು ಒಡೆದು, ಅದರೊಳಗಿನ ಬಣ್ಣಗಳು ಹೊರಬೀಳುತ್ತವೆ. ನೀರು 8 ಸೆಂಟಿಮೀಟರ್ ಏರಿದಾಗ ನೀಲಿ 4 ಸೆಂಟಿಮೀಟರ್ ಸಾಗಿದ್ದರೆ ಅದರ ಅನುಪಾತ 0.5. ಒಂದೇ ಬಗೆಯ ಕಾಗದ, ಒಂದೇ ದ್ರವ ಇರುವಾಗ ಇದು ಆ ಬಣ್ಣದ ಗುರುತಿನ ಚೀಟಿಯಿದ್ದಂತೆ. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ಸ್ವೆಟ್ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಎಲೆಯ ಬಣ್ಣಗಳನ್ನು ಬಿಡಿಸಿದ್ದು ಇದೇ ತತ್ತ್ವದಿಂದ. ಕ್ರೊಮ್ಯಾಟೋಗ್ರಫಿ ಎಂದು ಹೆಸರಿಟ್ಟವನೂ ಅವನೇ.

4. ಥರ್ಮಾಮೀಟರ್ ಹೇಳುವ ಸಾಕ್ಷಿ

ಶುದ್ಧ ನೀರು ಕುದಿಯತೊಡಗಿದ ಮೇಲೆ ಅದರ ಉಷ್ಣಾಂಶ ಒಂದೇ ಕಡೆ ನಿಲ್ಲುತ್ತದೆ. ಉಪ್ಪುನೀರಿನಲ್ಲಿ ಹಾಗಲ್ಲ: ನೀರು ಬತ್ತಿದಂತೆ ಮುಳ್ಳು ನಿಧಾನವಾಗಿ ಮೇಲೇರುತ್ತದೆ. ಘನವಸ್ತುಗಳದ್ದೂ ಇದೇ ಬಗೆ. ಬೆರಕೆಯಿದ್ದರೆ ಸಾಮಾನ್ಯವಾಗಿ ಮೊದಲೇ ಕರಗಲು ಶುರುವಾಗಿ, ಕರಗಿ ಮುಗಿಯಲು ಹೆಚ್ಚು ಡಿಗ್ರಿಗಳನ್ನು ತೆಗೆದುಕೊಳ್ಳುತ್ತದೆ.

ಕಡಲ ಮಟ್ಟದ ಗಿಂಡಿಯಲ್ಲಿ ನೀರು 100 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ. 900 ಮೀಟರಿಗಿಂತ ಎತ್ತರದ ಬೆಂಗಳೂರಿನಲ್ಲಿ 97ರ ಆಸುಪಾಸಿಗೇ ಕುದಿ ಬರುತ್ತದೆ. ‘ನಮ್ಮ ನೀರು ಅಶುದ್ಧ’ ಎಂದು ಅಲ್ಲಿನ ವಿದ್ಯಾರ್ಥಿ ಬರೆದರೆ ತಪ್ಪಾಗುತ್ತದೆ. ವ್ಯತ್ಯಾಸ ಇರುವುದು ಗಾಳಿಯ ಒತ್ತಡದಲ್ಲಿ.

5. ಒಂದೇ ಪರೀಕ್ಷೆ ನಂಬಬೇಡಿ

ಲ್ಯಾಕ್ಟೋಮೀಟರ್ ಅಳೆಯುವುದು ಹಾಲಿನ ಸಾಂದ್ರತೆಯನ್ನು ಮಾತ್ರ. ನೀರು ಸೇರಿಸಿದರೆ ಸಾಂದ್ರತೆ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಕೆನೆ ತೆಗೆದು ಅಳತೆಗೆ ತಕ್ಕಷ್ಟು ನೀರು ಬೆರೆಸಿದವನ ಹಾಲು ಅಪ್ಪಟ ಹಾಲಿನಂತೆಯೇ ಓದು ಕೊಡಬಲ್ಲದು. ಸಕ್ಕರೆ ಹಾಕಿದರೂ ಅದೇ ಆಟ. ಪ್ರಯೋಗಾಲಯಗಳು ಕೊಬ್ಬನ್ನೂ ಕೊಬ್ಬೇತರ ಘನಾಂಶವನ್ನೂ ಬೇರೆಬೇರೆಯಾಗಿ ಅಳೆಯುವುದು ಇದರಿಂದಲೇ.

ಅನುಮಾನ ಉಳಿದರೆ

ಮನೆಯ ಪರೀಕ್ಷೆ ಅನುಮಾನ ಹುಟ್ಟಿಸಬಹುದು, ತೀರ್ಪು ಕೊಡಲಾರದು. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ, ಕೊಂಡ ಗ್ರಾಹಕರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಆದರೆ ಪರೀಕ್ಷೆಗೆ ಕೊಡುತ್ತೇನೆಂದು ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಿರಬೇಕು. ವರದಿ ಕೊಡಲು ವಿಶ್ಲೇಷಕರಿಗಿರುವ ಕಾಲಾವಕಾಶ ಮಾದರಿ ಕೈಸೇರಿದಂದಿನಿಂದ 14 ದಿನ. ನಿಯಮ ಮುರಿದದ್ದು ರುಜುವಾತಾದರೆ ಕಟ್ಟಿದ ಶುಲ್ಕ ವಾಪಸು ಸಿಗುತ್ತದೆ. ಬಿಲ್ಲನ್ನು, ಪೊಟ್ಟಣವನ್ನು ಅಲ್ಲಿಯ ತನಕ ಎಸೆಯದೆ ಇಟ್ಟುಕೊಳ್ಳಿ.