ಸಭೆ ಎಂಬ ಮಾತಿನ ಮೂಲವೂ ಅರ್ಥವೂ

ಓದತಕ್ಕ ಭಾಗಗಳು: ಅಪೊಸ್ತಲರ ಕೃತ್ಯಗಳು 19:23-41, 1 ಕೊರಿಂಥ 11:17-34, ಫಿಲೆಮೋನನಿಗೆ ಬರೆದ ಪತ್ರಿಕೆ.



ಸಿಂಧಘಟ್ಟದ ಕಡೆಯ ಒಂದು ಹಳ್ಳಿಯಲ್ಲಿ ಆರಾಧನೆಯು ಮುಗಿದ ಮೇಲೆ ಒಬ್ಬ ಸಹೋದರನು ನಮ್ಮನ್ನು, "ಅಯ್ಯನವರೇ, ಪಟ್ಟಣದವರಿಗೆ ಚರ್ಚುಂಟು, ನಾವು ಕೂಡುವುದು ಮನೆಯ ಜಗಲಿಯ ಮೇಲೆ. ನಮ್ಮನ್ನೂ ಸಭೆಯೆನ್ನಬಹುದೋ?" ಎಂದು ಕೇಳಿದನು. ಈ ಪ್ರಶ್ನೆಗೆ ಉತ್ತರವು ಆ ಮಾತುಗಳ ಮೂಲದಲ್ಲಿಯೇ ದೊರೆಯುತ್ತದೆ.

ಚರ್ಚು ಎಂಬುದು ಇಂಗ್ಲಿಷರಿಂದ ಬಂದ ಮಾತು. ಜರ್ಮನರು ಇದನ್ನೇ ಕಿರ್ಖೆ ಎಂತಲೂ ಡಚ್ಚರು ಕೆರ್ಕ್ ಎಂತಲೂ ಸ್ಕಾಟ್ಲೆಂಡಿನವರು ಕರ್ಕ್ ಎಂತಲೂ ಅನ್ನುತ್ತಾರೆ. ಇವೆಲ್ಲಕ್ಕೂ ಗ್ರೀಕ್ ಭಾಷೆಯ ಕುರಿಯಕೋನ್ ಎಂಬುದೇ ಮೂಲವೆಂದು ಪಂಡಿತರು ಎಣಿಸುತ್ತಾರೆ. ಕುರಿಯೊಸ್ ಅಂದರೆ ಕರ್ತನು. ಕುರಿಯಕೋನ್ ಅಂದರೆ ಕರ್ತನಿಗೆ ಸೇರಿದ್ದು. ಪೌಲನು ಕೊರಿಂಥದವರಿಗೆ ಕರ್ತನ ಭೋಜನವನ್ನು ಕುರಿತು ಬರೆಯುವಾಗ ಈ ಪದವನ್ನೇ ಉಪಯೋಗಿಸಿದ್ದಾನೆ. ಉಳ್ಳವರು ಮುಂದಾಗಿ ಉಂಡು ಬಡವರು ಹಸಿದಿರುವ ಊಟವು ಕರ್ತನದಲ್ಲವೆಂದು ಅವರನ್ನು ಗದರಿಸಿದ್ದಾನೆ.

ಯೂರೋಪಿನ ದಕ್ಷಿಣದ ಜನರ ಮಾತು ಬೇರೆ. ಫ್ರೆಂಚರು ಎಗ್ಲೀಸ್, ಸ್ಪೇನಿನವರು ಇಗ್ಲೇಸಿಯ, ಪೋರ್ಚುಗೀಸರು ಇಗ್ರೇಜ ಅನ್ನುವರು. ಪೋರ್ಚುಗೀಸರ ಈ ಮಾತೇ ನಮ್ಮ ಪಡುವಣ ಕರಾವಳಿಗೆ ಬಂದು ಇಗರ್ಜಿಯಾಯಿತು. ಇವೆಲ್ಲವೂ ಗ್ರೀಕಿನ ಎಕ್ಲೇಸಿಯ ಎಂಬುದರಿಂದ ಹುಟ್ಟಿದವು. ಕರೆಯುವುದು ಎಂಬ ಕ್ರಿಯಾಪದದಿಂದ ಆದ ಈ ಮಾತಿಗೆ ಕರೆಯಲ್ಪಟ್ಟು ಕೂಡಿದವರು ಎಂದರ್ಥ. ಹೊಸ ಒಡಂಬಡಿಕೆಯಲ್ಲಿ ನಾವು ಸಭೆ ಎಂದು ಓದುವ ಕಡೆ ಗ್ರೀಕಿನಲ್ಲಿರುವುದು ಇದೇ. ಇದರಲ್ಲಿ ಗೋಡೆಯಾಗಲಿ ಗೋಪುರವಾಗಲಿ ಇಲ್ಲ. ಆದದರಿಂದಲೇ 1526ರಲ್ಲಿ ವಿಲಿಯಂ ಟಿಂಡೇಲನು ಹೊಸ ಒಡಂಬಡಿಕೆಯನ್ನು ಇಂಗ್ಲಿಷಿನಲ್ಲಿ ಅಚ್ಚುಮಾಡಿಸಿದಾಗ ಚರ್ಚ್ ಎಂಬುದಕ್ಕೆ ಬದಲಾಗಿ, ಕೂಡಿಬಂದ ಜನರು ಎಂಬರ್ಥವುಳ್ಳ ಕಾಂಗ್ರಿಗೇಷನ್ ಎಂಬ ಪದವನ್ನು ಇಟ್ಟನು.

ಎಕ್ಲೇಸಿಯ ಎಂಬುದು ಮೊದಲು ದೇವರ ಕಾರ್ಯದ ಮಾತಾಗಿರಲಿಲ್ಲ. ಕ್ರಿ. ಪೂ. 5ನೆಯ ಶತಮಾನದ ಅಥೇನೆಯಲ್ಲಿ ಪೌರರು ಕೂಡಿ ರಾಜ್ಯದ ಕಾರ್ಯಗಳನ್ನು ತೀರ್ಮಾನಿಸುವ ಕೂಟಕ್ಕೆ ಆ ಹೆಸರಿತ್ತು. ದಾಸರಿಗೂ ಸ್ತ್ರೀಯರಿಗೂ ಪರಸ್ಥಳದವರಿಗೂ ಅಲ್ಲಿ ಸ್ಥಾನವಿರಲಿಲ್ಲ. ಅಪೊಸ್ತಲರು ಆ ಹೆಸರನ್ನು ತೆಗೆದುಕೊಂಡರು, ಬಾಗಿಲನ್ನಾದರೋ ಎಲ್ಲರಿಗೂ ತೆರೆದರು. ಪೌಲನು ಫಿಲೆಮೋನನ ಮನೆಯಲ್ಲಿ ಕೂಡುವ ಎಕ್ಲೇಸಿಯಕ್ಕೆ ವಂದನೆ ಹೇಳಿ, ಅದೇ ಪತ್ರಿಕೆಯಲ್ಲಿ ಒನೇಸಿಮನೆಂಬ ದಾಸನನ್ನು ಪ್ರಿಯ ಸಹೋದರನಾಗಿ ಸೇರಿಸಿಕೊಳ್ಳಬೇಕೆಂದು ಬೇಡಿಕೊಳ್ಳುತ್ತಾನೆ.

ಹೀಗಿರುವಲ್ಲಿ ಜಗಲಿಯ ಮೇಲೆ ಕೂಡಿದವರೂ ಸಭೆಯೇ ಎಂದು ಆ ಸಹೋದರನಿಗೆ ಹೇಳಿದೆವು. ಆದರೆ ಹೇಳತಕ್ಕ ಇನ್ನೊಂದನ್ನು ಹೇಳದೆ ಬಂದೆವು. ಆ ದಿವಸ ಜಗಲಿಯ ಮೇಲೆ ಕೆಲವರು ಮಾತ್ರ ಕೂತಿದ್ದರು. ಮತ್ತೊಂದು ಕೇರಿಯವರು ಕೆಳಗೆ ಅಂಗಳದಲ್ಲಿ ಬಿಸಿಲಿನಲ್ಲಿದ್ದರು. ಮೇಲೆ ಸ್ಥಳವಿಲ್ಲದೆ ಇರಲಿಲ್ಲ. ನಾವೂ ಜಗಲಿಯ ಮೇಲೆಯೇ ಕೂತು, ಅದನ್ನು ಕಂಡೂ ಸುಮ್ಮನಿದ್ದೆವು. ಇದು ನಮ್ಮ ತಪ್ಪು. ಕರೆದಾತನು ಒಬ್ಬನೇ ಆಗಿರಲಾಗಿ, ಕರೆಯಲ್ಪಟ್ಟವರಲ್ಲಿ ಮೇಲೆ ಕೆಳಗೆ ಎಂದು ಕೂರಿಸುವದಕ್ಕೆ ನಮಗೆ ಅಧಿಕಾರವೆಲ್ಲಿಯದು? ಮುಂದಿನ ಸಾರಿ ಆ ಹಳ್ಳಿಗೆ ಹೋದಾಗ ಅಂಗಳದಲ್ಲಿ ಚಾಪೆ ಹಾಸಿಸಿ ಎಲ್ಲರೊಂದಿಗೆ ಅಲ್ಲಿಯೇ ಕೂರಬೇಕೆಂದು ನಿಶ್ಚಯಿಸಿದ್ದೇವೆ.

ಆಲೋಚಿಸತಕ್ಕ ಪ್ರಶ್ನೆಗಳು:

1. ಫಿಲೆಮೋನನ ಮನೆಯಲ್ಲಿ ಒನೇಸಿಮನು ಎಲ್ಲಿ ಕೂತಿರಬೇಕು?

2. ನಮ್ಮ ಊರಿನ ಆರಾಧನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ? ಯಾಕೆ?