ಚೆಂಡು ಬೇಲಿ ದಾಟಿತು, ಈಗೇನು?

ಕಾನಸೂರು ಸಿದ್ದಾಪುರ ತಾಲೂಕಿನ ಊರು. ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿದೆ. ಸುತ್ತ ಅಡಿಕೆ ತೋಟ, ಗದ್ದೆ, ಬೆಟ್ಟ. ನಮ್ಮ ಕಡೆ ದೊಡ್ಡ ಬಯಲು ಕಡಿಮೆ. ಭತ್ತದ ಕೊಯ್ಲು ಮುಗಿಯಿತು ಅಂದರೆ ಗದ್ದೆಯೇ ಆಟದ ಬಯಲು. ಹುಡುಗರು ಮೂರು ಕೋಲು ನೆಡುತ್ತಾರೆ. ಕ್ರಿಕೆಟ್ ಶುರು.

ಗದ್ದೆಯ ಒಂದು ಬದಿಗೆ ತೋಟ. ಇನ್ನೊಂದು ಬದಿಗೆ ರಸ್ತೆ. ಮತ್ತೊಂದು ಕಡೆ ಹಳ್ಳ. ಚೆಂಡು ಎಲ್ಲಿಗೆ ಬೇಕಾದರೂ ಹೋಗಬಹುದು. ಜಗಳ ಹುಟ್ಟುವುದೂ ಅಲ್ಲೇ.

ಇಂಥ ಮಾತು ನೀವೂ ಕೇಳಿರಬಹುದು:

“ಚೆಂಡು ತೋಟಕ್ಕೆ ಬಿತ್ತು. ಸಿಕ್ಸರ್!”

“ಎಂತ ಸಿಕ್ಸರ್ ಮಾರಾಯ? ಗದ್ದೆಯಲ್ಲಿ ಒಂದು ಸಲ ನೆಲ ಮುಟ್ಟಿ ಹಾರ್ತು. ಫೋರ್ ಅಷ್ಟೇ.”

“ಅಂಪೈರ್ ಸಿಕ್ಸರ್ ಅಂದಾಯ್ತಲ್ಲ?”

“ಅಂಪೈರ್ ನಿನ್ನ ಭಾವ. ಅವ ಹಾಗೇ ಹೇಳ್ತ!”

ಮಾತಿಗೆ ಮಾತು ಬೆಳೆಯುತ್ತದೆ. ಆಟ ಅರ್ಧಕ್ಕೇ ನಿಲ್ಲುತ್ತದೆ. ಒಂದು ಚೆಂಡಿನಿಂದ ಎರಡು ಕೇರಿಯವರು ಮಾತು ಬಿಡುವುದೂ ಉಂಟು. ಇದನ್ನು ತಪ್ಪಿಸಬಹುದೇ? ಖಂಡಿತ ತಪ್ಪಿಸಬಹುದು. ಹೇಗೆ? ನೋಡೋಣ.

ಗೆರೆ ಒಳಗೋ, ಹೊರಗೋ?

ಪ್ರತಿ ಆಟಕ್ಕೂ ಒಂದು ಗೆರೆ ಇದೆ. ಆದರೆ ಗೆರೆಯ ಲೆಕ್ಕ ಎಲ್ಲ ಆಟದಲ್ಲೂ ಒಂದೇ ಅಲ್ಲ.

ವಾಲಿಬಾಲ್ ಅಂಗಳ 18 ಮೀಟರ್ ಉದ್ದ, 9 ಮೀಟರ್ ಅಗಲ. ಅಲ್ಲಿ ಗೆರೆಯೂ ಅಂಗಳದೊಳಗೇ ಸೇರಿದೆ. ಚೆಂಡು ಗೆರೆಗೆ ತಾಗಿದರೆ ಅದು ಒಳಗೆ ಬಿದ್ದ ಹಾಗೆ.

ಕ್ರಿಕೆಟ್‌ನಲ್ಲಿ ಲೆಕ್ಕ ಬೇರೆ. ಅಲ್ಲಿ ಗೆರೆ ಅಥವಾ ಹಗ್ಗಕ್ಕೆ ತಾಗಿದ ಚೆಂಡು ಹೊರಗೆ ಹೋದ ಹಾಗೆ. ಬ್ಯಾಟಿನಿಂದ ಹೊಡೆದ ಚೆಂಡು ಒಳಗೆ ನೆಲ ಮುಟ್ಟಿ ಹೋದರೆ 4 ರನ್. ಒಳಗೆ ನೆಲ ಮುಟ್ಟದೆ ನೇರ ಹೊರಗೆ ಬಿದ್ದರೆ 6 ರನ್. ಚೆಂಡು ಹಿಡಿದವನ ಕಾಲು ಹಗ್ಗಕ್ಕೆ ತಾಗಿದರೂ ಚೆಂಡು ಹೊರಗೆ ಹೋಯಿತೆಂದೇ ಲೆಕ್ಕ.

ನೋಡಿದಿರಾ? ವಾಲಿಬಾಲ್ ಆಡಿ ಬಂದವನು “ಗೆರೆ ಒಳಗೆ” ಅನ್ನುತ್ತಾನೆ. ಕ್ರಿಕೆಟ್ ಆಡುವವನು “ಗೆರೆ ಹೊರಗೆ” ಅನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಯಾವ ಆಟದ ನಿಯಮ ಎಂದು ಮೊದಲು ತಿಳಿಯಬೇಕು.

ಚೆಂಡು ಸಿಗದಿದ್ದರೆ?

ತೋಟದಲ್ಲಿ ಮರದ ಬುಡಕ್ಕೆ ಸೊಪ್ಪು ಹಾಕಿರುತ್ತಾರೆ. ಅದರೊಳಗೆ ಚೆಂಡು ಸೇರಿದರೆ ಬೇಗ ಕಾಣುವುದಿಲ್ಲ. ಬೇಲಿಯಾಚೆ ಹೋದ ಚೆಂಡಿನ ರನ್ ಎಷ್ಟೆಂದು ಆಗಲೇ ತೀರ್ಮಾನ ಆಗಿರುತ್ತದೆ. ಆದರೆ ಗದ್ದೆಯೊಳಗಿನ ಹುಲ್ಲು, ಪೊದೆಯಲ್ಲೇ ಚೆಂಡು ಕಳೆದುಹೋದರೆ?

ಮೊದಲು ಇದಕ್ಕೆ ‘ಲಾಸ್ಟ್ ಬಾಲ್’ ಎಂಬ ನಿಯಮ ಇತ್ತು. ಹೊಡೆದವರಿಗೆ 6 ರನ್ ಸಿಗುತ್ತಿತ್ತು. ಅದಕ್ಕಿಂತ ಹೆಚ್ಚು ಓಡಿದ್ದರೆ ಓಡಿದಷ್ಟು ಸಿಗುತ್ತಿತ್ತು. 2017ರಲ್ಲಿ ಕ್ರಿಕೆಟ್ ನಿಯಮಗಳನ್ನು ಹೊಸದಾಗಿ ಬರೆದರು. ಆಗ ಈ ನಿಯಮ ತೆಗೆದರು. ಈಗ ಚೆಂಡು ಸಿಗದಿದ್ದರೆ ಅಂಪೈರ್ ‘ಡೆಡ್ ಬಾಲ್’ ಅನ್ನುತ್ತಾರೆ. ಎಂದರೆ ಆ ಚೆಂಡಿನ ಆಟ ಅಲ್ಲಿಗೆ ನಿಂತಿತು. ಅಷ್ಟರೊಳಗೆ ಓಡಿದ ರನ್ ಲೆಕ್ಕಕ್ಕೆ ಬರುತ್ತದೆ.

ಹೊರದೇಶದಲ್ಲಿ ಏನು ಮಾಡುತ್ತಾರೆ?

ಸಾಫ್ಟ್‌ಬಾಲ್ ಎಂಬ ಆಟವಿದೆ. 1887ರಲ್ಲಿ ಅಮೆರಿಕದ ಚಿಕಾಗೋ ಪಟ್ಟಣದಲ್ಲಿ ಹುಟ್ಟಿತು. ಬೇಸ್‌ಬಾಲ್ ಅದರ ಅಣ್ಣ ಇದ್ದ ಹಾಗೆ. ಎರಡರಲ್ಲೂ ನಾಲ್ಕು ಮೂಲೆಗೆ ನಾಲ್ಕು ‘ಬೇಸ್’ ಇರುತ್ತವೆ. ಹೊಡೆದವರು ಒಂದೊಂದೇ ಬೇಸ್ ಮುಟ್ಟುತ್ತಾ ಓಡಬೇಕು. ಸುತ್ತಿ ಬಂದರೆ ಒಂದು ರನ್.

ಹೊಡೆದ ಚೆಂಡು ನೆಲ ಮುಟ್ಟಿ, ಪುಟಿದು ಬೇಲಿ ದಾಟಿತು ಎನ್ನಿ. ಓಟಗಾರರಿಗೆ ಎರಡು ಬೇಸ್ ಸಿಗುತ್ತದೆ. ಚೆಂಡು ಹಿಡಿದವರು ತಪ್ಪಾಗಿ ಎಸೆದು ಹೊರಗೆ ಹಾಕಿದರೂ ಎರಡು ಬೇಸ್. ಯಾಕೆ ಹೀಗೆ? ಹೊರಗೆ ಹೋದ ಚೆಂಡನ್ನು ಬೇಗ ತರಲು ಆಗುವುದಿಲ್ಲ. ಅದೇ ನೆಪದಲ್ಲಿ ಒಬ್ಬರು ಓಡುತ್ತಲೇ ಇದ್ದರೆ ನ್ಯಾಯವಲ್ಲ. ಓಡಲೇಬಾರದು ಎಂದರೂ ನ್ಯಾಯವಲ್ಲ. ಅದಕ್ಕೇ ಆಟ ನಿಲ್ಲಿಸಿ, ಇಷ್ಟೇ ಎಂದು ಕೊಡುತ್ತಾರೆ.

ಚಿಕಾಗೋದಲ್ಲಿ ರಿಗ್ಲಿ ಫೀಲ್ಡ್ ಎಂಬ ಬೇಸ್‌ಬಾಲ್ ಮೈದಾನವಿದೆ. ಅದರ ಗೋಡೆಯ ಮೇಲೆ ದಟ್ಟವಾಗಿ ಬಳ್ಳಿ ಹಬ್ಬಿದೆ. ಚೆಂಡು ಬಳ್ಳಿಯಲ್ಲಿ ಸಿಕ್ಕಿದರೆ ಆಟಗಾರ ಎರಡೂ ಕೈ ಮೇಲೆತ್ತುತ್ತಾನೆ. ಅಂಪೈರ್ ನೋಡಿ ಆಟ ನಿಲ್ಲಿಸುತ್ತಾರೆ. ಅಲ್ಲೂ ಎರಡು ಬೇಸ್. ನಮ್ಮ ಮೆಣಸಿನ ಬಳ್ಳಿಯಲ್ಲಿ ಚೆಂಡು ಸಿಕ್ಕ ಹಾಗೇ ಅಲ್ಲವೇ?

ಇಂಗ್ಲೆಂಡಿನ ಕ್ಯಾಂಟರ್ಬರಿಯ ಕ್ರಿಕೆಟ್ ಮೈದಾನದೊಳಗೇ ಒಂದು ದೊಡ್ಡ ಮರ ಇತ್ತು. ಮರ ಕಡಿಯಲಿಲ್ಲ. ಮರಕ್ಕೆ ಚೆಂಡು ತಾಗಿದರೆ 4 ರನ್ ಎಂದು ಮಾಡಿಕೊಂಡರು. 2005ರ ಜನವರಿಯಲ್ಲಿ ಗಾಳಿಗೆ ಆ ಮರ ಬಿತ್ತು. ಅಲ್ಲಿಯವರೆಗೂ ಅದೇ ನಿಯಮ ನಡೆಯಿತು.

ಮೊದಲೇ ಮಾತಾಡಿ, ಮೊದಲೇ ಬರೆಯಿರಿ

ಕ್ರಿಕೆಟ್ ನಿಯಮದಲ್ಲೇ ಒಂದು ಒಳ್ಳೆಯ ಮಾತಿದೆ. ಗಡಿ ಯಾವುದು, ಗಡಿಗೆ ಎಷ್ಟು ರನ್ ಎಂದು ಟಾಸ್‌ಗೆ ಮೊದಲೇ ತೀರ್ಮಾನ ಆಗಬೇಕು. ಎಷ್ಟು ರನ್ ಎಂಬುದಕ್ಕೆ ಅಂಪೈರು, ಎರಡೂ ನಾಯಕರು ಒಪ್ಪಬೇಕು. ಆ ಮೈದಾನದ ರೂಢಿಯನ್ನೂ ನೋಡಬೇಕು. ಅಂದರೆ ನಮ್ಮ ಗದ್ದೆಯ ರೂಢಿಗೂ ಬೆಲೆ ಇದೆ. ಆದರೆ ಅದು ಆಟಕ್ಕೆ ಮೊದಲೇ ಎಲ್ಲರಿಗೂ ತಿಳಿದಿರಬೇಕು.

ನಿಮಗೆ ಈಗ ಓದಲು, ಬರೆಯಲು ಬರುತ್ತದೆ. ಒಂದು ಹಾಳೆ ತೆಗೆದುಕೊಳ್ಳಿ. ಹೀಗೆ ಬರೆಯಿರಿ:

1. ತೋಟದ ಬೇಲಿಯೇ ಗಡಿ. ನೆಲ ಮುಟ್ಟಿ ದಾಟಿದರೆ 4, ನೇರ ದಾಟಿದರೆ 6.
2. ಗದ್ದೆಯೊಳಗಿನ ಮರಕ್ಕೆ ತಾಗಿದರೆ 2 ರನ್.
3. ರಸ್ತೆಯ ಅಂಚೂ ಗಡಿ. ಚೆಂಡು ಅಲ್ಲಿಗೆ ಹೋದರೆ ಆಟ ನಿಂತಿತು. ಯಾರೂ ಹಿಂದೆ ಓಡಬಾರದು.
4. ತೋಟಕ್ಕೆ ಒಬ್ಬರೇ ಹೋಗಬೇಕು. ಯಜಮಾನರನ್ನು ಕೇಳಿ ಹೋಗಬೇಕು.
5. ಅಂಪೈರ್ ಹೇಳಿದ್ದೇ ಕೊನೆ.

ಮೂರನೆಯ ಸಾಲನ್ನು ಮರೆಯಬೇಡಿ. ರನ್ ಉಳಿಸಲು ಹುಡುಗ ರಸ್ತೆಗೆ ಓಡುತ್ತಾನೆ. ಅವನ ಕಣ್ಣು ಚೆಂಡಿನ ಮೇಲೆ ಇರುತ್ತದೆ. ಬರುವ ಬಸ್ಸು, ಲಾರಿ ಕಾಣುವುದಿಲ್ಲ. ಓಡಿದರೂ ಲಾಭವಿಲ್ಲ ಎಂದು ನಿಯಮ ಇದ್ದರೆ ಅವನು ಓಡುವುದಿಲ್ಲ. ಒಂದು ಸಾಲು ಒಂದು ಜೀವ ಉಳಿಸಬಹುದು. ತೋಟದ ಸೊಪ್ಪಿನಲ್ಲೂ ಹಾವು ಇರಬಹುದು. ಬರಿಗೈ ಹಾಕಬೇಡಿ. ಕೋಲಿನಿಂದ ಸರಿಸಿ ನೋಡಿ.

ಬರೆದದ್ದನ್ನು ಎಲ್ಲರ ಮುಂದೆ ದೊಡ್ಡದಾಗಿ ಓದಿ. ಎರಡೂ ನಾಯಕರು ರುಜು ಹಾಕಲಿ. ಓದದೆ ರುಜು ಹಾಕಬಾರದು. ಇದು ಆಟಕ್ಕೂ ಸರಿ, ಸೊಸೈಟಿಯ ಸಾಲದ ಕಾಗದಕ್ಕೂ ಸರಿ.

ಭಾವನೇ ಅಂಪೈರ್ ಆಗಲಿ, ಬೇರೆಯವರೇ ಆಗಲಿ, ಹಾಳೆ ಎಲ್ಲರಿಗೂ ಒಂದೇ. ಅನುಮಾನ ಬಂದರೆ ಹಾಳೆ ಓದಿ, ಆಟ ಮುಂದುವರಿಸಿ.

ಉತ್ತರ ಹೇಳಿ

1. ವಾಲಿಬಾಲ್‌ನಲ್ಲಿ ಗೆರೆಗೆ ತಾಗಿದ ಚೆಂಡು ಒಳಗೋ, ಹೊರಗೋ?
2. ‘ಡೆಡ್ ಬಾಲ್’ ಎಂದರೇನು?
3. ನಿಮ್ಮ ಊರಿನ ಆಟದ ಬಯಲಿಗೆ ಐದು ನಿಯಮ ಬರೆಯಿರಿ. ಮನೆಯವರಿಗೆ ಓದಿ ಹೇಳಿ.