ಪೂಲ್ ಮೇಜಿನ ಪಾಕೆಟ್: ಅಗಲವೂ ಅವಕಾಶವೂ

ಗುಂಡ್ಲುಪೇಟೆಯಿಂದ ದಕ್ಷಿಣಕ್ಕೆ ಹೊರಡುವ ರಸ್ತೆಯು ಬಂಡೀಪುರ, ಮುದುಮಲೆಯ ಅರಣ್ಯಗಳನ್ನು ದಾಟಿ ಉದಕಮಂಡಲವನ್ನು ಸೇರುತ್ತದೆ. 1875ರಲ್ಲಿ ಜಬಲ್ಪುರದಲ್ಲಿ ನೆವಿಲ್ ಚೇಂಬರ್ಲಿನ್ ಎಂಬ ಸೇನಾಧಿಕಾರಿಯು ರೂಪಿಸಿದನೆಂದು ಹೇಳಲಾಗುವ ಸ್ನೂಕರ್ ಆಟಕ್ಕೆ, 1880ರ ದಶಕದಲ್ಲಿ, ಅಲ್ಲಿಯ ಊಟಿ ಕ್ಲಬ್ಬಿನಲ್ಲಿಯೇ ನಿಯಮಗಳ ಲಿಖಿತ ರೂಪ ದೊರೆಯಿತು. ಆದರೆ ಚಾಮರಾಜನಗರ, ಗುಂಡ್ಲುಪೇಟೆಗಳ ಮಕ್ಕಳು ಹೆಚ್ಚಾಗಿ ಬಲ್ಲದ್ದು ಕೇರಂ ಹಲಗೆಯನ್ನು. ಆದ್ದರಿಂದ ಈ ಪಾಠವನ್ನು ಅಲ್ಲಿಂದಲೇ ಆರಂಭಿಸುವುದು ಯುಕ್ತ.

ಕೇರಂ ಹಲಗೆಯ ಪಾಕೆಟ್ಟಿನ ವ್ಯಾಸ ಸುಮಾರು 44.5 ಮಿಲಿಮೀಟರ್, ಕಾಯಿಯ ವ್ಯಾಸ ಹೆಚ್ಚೆಂದರೆ 31.8. ಎರಡರ ಅಂತರವಾದ 12.7 ಮಿಲಿಮೀಟರೇ ಆಟಗಾರನ ತಪ್ಪಿಗೆ ದೊರೆಯುವ ಅವಕಾಶ. 41.3 ಮಿಲಿಮೀಟರಿನ ಸ್ಟ್ರೈಕರಿಗೆ ಉಳಿಯುವುದು ಕೇವಲ 3.2. ಆದರೂ ಅದು ಬೇಡವಾದಾಗಲೇ ಒಳಗೆ ಬೀಳುವುದನ್ನು ಆಡಿದವರೆಲ್ಲ ಬಲ್ಲರು!

ಪೂಲ್ ಚೆಂಡಿನ ವ್ಯಾಸ 57.15 ಮಿಲಿಮೀಟರ್. ಮೂಲೆಯ ಪಾಕೆಟ್ಟಿನ ಬಾಯಿ 127 ಮಿಲಿಮೀಟರ್ ಇದ್ದರೆ ನೇರ ಹೊಡೆತಕ್ಕೆ ಅವಕಾಶ 69.85, ಬಾಯಿಯನ್ನು 114.3ಕ್ಕೆ ಇಳಿಸಿದರೆ ಅವಕಾಶ 57.15. ಬಾಯಿಯು ಕಿರಿದಾದದ್ದು ಶೇಕಡಾ 10, ಅವಕಾಶ ಕುಗ್ಗಿದ್ದು ಶೇಕಡಾ 18. ಅಗಲದ ಪಾಕೆಟ್ಟಿನಲ್ಲಿ ಪಳಗಿದ ಕೈಯು ಸ್ಪರ್ಧೆಯ ಮೇಜಿನ ಮುಂದೆ ತಡವರಿಸುವುದಕ್ಕೆ ಈ ಲೆಕ್ಕವೇ ಕಾರಣ. ಅಂತರರಾಷ್ಟ್ರೀಯ ನಿಯಮದಂತೆ ಮೂಲೆಯ ಬಾಯಿಯು 114.3ರಿಂದ 117.5 ಮಿಲಿಮೀಟರ್ ಇರತಕ್ಕದ್ದು; ಪಕ್ಕದ ಪಾಕೆಟ್ಟುಗಳಿಗೆ ತುಸು ಹೆಚ್ಚು.

ಬಾಯಿಯನ್ನು ಕಿರಿದುಗೊಳಿಸಲು, ಕುಶನ್ನಿನ ಕೊನೆಯಲ್ಲಿ ಪಾಕೆಟ್ಟಿಗೆ ಮುಖಮಾಡಿರುವ ಓರೆಯ ಭಾಗಕ್ಕೆ ಗಟ್ಟಿ ರಬ್ಬರಿನ ಪಟ್ಟಿಯನ್ನು ಅಂಟಿಸುವರು. ಇಲ್ಲಿ ರೇಖಾಗಣಿತದ ಒಂದು ಸ್ವಾರಸ್ಯವಿದೆ. ಮೂಲೆಯಲ್ಲಿ ಆ ಓರೆಯು ಕುಶನ್ನಿನ ಅಂಚಿನೊಡನೆ 142 ಅಂಶಗಳ ಕೋನವನ್ನು ಮಾಡುತ್ತದೆ. ಎರಡೂ ಬದಿಗೆ 3 ಮಿಲಿಮೀಟರ್ ದಪ್ಪದ ಪಟ್ಟಿಯನ್ನು ಕೂಡಿಸಿದರೆ ಬಾಯಿ 6 ಮಿಲಿಮೀಟರ್ ಕುಗ್ಗಬೇಕೆಂದು ವಿದ್ಯಾರ್ಥಿಯು ಊಹಿಸಿಯಾನು. ವಾಸ್ತವವಾಗಿ ಪ್ರತಿ ಕುಶನ್ನಿನ ತುದಿಯು ಅಂಚಿನ ನೇರದಲ್ಲಿ 3 ಭಾಗಿಸು ಸೈನ್ 38, ಅಂದರೆ ಸುಮಾರು 4.9 ಮಿಲಿಮೀಟರ್ ಮುಂದೆ ಸರಿಯುತ್ತದೆ. ಇದನ್ನು 2ರ ವರ್ಗಮೂಲದಿಂದ ಗುಣಿಸಿದರೆ ಬಾಯಿಯು ಕುಗ್ಗುವ ಮೊತ್ತ ದೊರೆಯುವುದು: ಸುಮಾರು 7.

ಹಾಗೆಂದು ಪಟ್ಟಿಯ ಮೇಲೆ ಪಟ್ಟಿಯನ್ನು ಹೇರುವುದು ಸಲ್ಲದು. ನಿಯಮವು ಒಪ್ಪುವ ಗರಿಷ್ಠ ದಪ್ಪ 6.35 ಮಿಲಿಮೀಟರ್, 4.76ನ್ನು ಮೀರದಿರುವುದು ಲೇಸು. ಎರಡು ಬದಿಯ ದಪ್ಪವೂ ಸಮವಾಗಿರಬೇಕು. ಪಟ್ಟಿಯು ಕುಶನ್ನಿನ ರಬ್ಬರಿಗಿಂತ ತುಸು ಗಡುಸಾಗಿರಬೇಕು. ಪದರಗಳು ಸಡಿಲಗೊಂಡರೆ ಚೆಂಡು ಪುಟಿಯುವ ರೀತಿಯೇ ಕೆಟ್ಟು, ಸರಿಯಾಗಿ ಹೊಡೆದ ಚೆಂಡೂ ಪಾಕೆಟ್ಟಿನ ಬಾಯಿಯಲ್ಲಿ ಅತ್ತಿತ್ತ ಬಡಿದು ಹೊರಬೀಳಬಹುದು. ಆಗ ಮೇಜು ಕಠಿಣವಾಯಿತೆನ್ನುವುದಕ್ಕಿಂತ ಅನ್ಯಾಯದ್ದಾಯಿತೆನ್ನುವುದೇ ಸರಿ. ಹೆಚ್ಚು ಕಿರಿದುಗೊಳಿಸಬೇಕಾದಲ್ಲಿ ಕುಶನ್ ರಬ್ಬರನ್ನೇ ಉದ್ದವಾಗಿ ಹೊಸದಾಗಿ ಕೂಡಿಸಿ, ಕೋನವನ್ನು ಮತ್ತೆ ಕತ್ತರಿಸಿ, ತೆಳುವಾದ ಪಟ್ಟಿಯನ್ನು ಅಂಟಿಸುವುದೇ ಮಾರ್ಗ. ಬಟ್ಟೆಯನ್ನು ಬಿಚ್ಚಿ ಮರಳಿ ಬಿಗಿಯುವ ಶ್ರಮ ಎರಡರಲ್ಲಿಯೂ ತಪ್ಪಿದ್ದಲ್ಲ.

ಅಳತೆಪಟ್ಟಿ ಇಲ್ಲದವರಿಗೂ ಒಂದು ಪರೀಕ್ಷೆಯುಂಟು. ಎರಡು ಚೆಂಡುಗಳ ವ್ಯಾಸ ಕೂಡಿದರೆ ಸರಿಯಾಗಿ 114.3 ಮಿಲಿಮೀಟರ್. ಕುಶನ್ನಿನ ಎರಡು ತುದಿಗಳ ನಡುವೆ ಎರಡು ಚೆಂಡುಗಳನ್ನು ಜೋಡಿಸಿ ಇಟ್ಟಾಗ ಅವು ಹಿಡಿಸದಿದ್ದಲ್ಲಿ, ಆ ಪಾಕೆಟ್ ನಿಯಮಕ್ಕಿಂತ ಕಿರಿದು.